ಸೀಸನ್‌ಗೂ ಮುಂಚಿನ ಲೆಕ್ಕಾಚಾರ: ಬೇಸ್‌ಬಾಲ್ ಅಭಿಮಾನಿಗಳ ಆಸೆ, ಆತಂಕ

ಐಪಿಎಲ್ ಶುರುವಾಗುವ ಮುನ್ನ ನಮ್ಮಲ್ಲಿ ಏನು ಮಾತು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾರ ಫಾರ್ಮ್ ಹೇಗಿದೆ? ಯಾರ ಗಾಯ ವಾಸಿಯಾಗಿದೆ? ಹೊಸ ಹುಡುಗ ನಿಂತು ಆಡಬಲ್ಲನೇ? ಅಮೆರಿಕದಲ್ಲಿ ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಇದೇ ಮಾತು ಬೇಸ್‌ಬಾಲ್ ಬಗ್ಗೆ ನಡೆಯುತ್ತದೆ. ಆ ಆಸೆ, ಆತಂಕಗಳಲ್ಲಿ ಎಷ್ಟಕ್ಕೆ ಆಧಾರವಿದೆ, ಎಷ್ಟು ಬರೀ ಊಹೆ ಎಂದು ನೋಡೋಣ.

ಮೊದಲು ಆಟದ ಪರಿಚಯ

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಆಟಗಾರನಿಗೆ ಪಿಚರ್ ಎನ್ನುತ್ತಾರೆ. ನಮ್ಮ ಬೌಲರ್ ಇದ್ದಂತೆ. ಆದರೆ ಆತ ದೂರದಿಂದ ಓಡಿ ಬರುವುದಿಲ್ಲ, ಚೆಂಡನ್ನು ಪಿಚ್ ಮೇಲೆ ಪುಟಿಸುವುದಿಲ್ಲ, ಮೊಣಕೈ ಮಡಚಿಯೇ ಎಸೆಯುತ್ತಾನೆ. ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ನಮ್ಮ ವಿಕೆಟ್‌ಕೀಪರ್ ಇದ್ದಂತೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡವೂ 162 ಪಂದ್ಯ ಆಡುತ್ತದೆ. ಆಮೇಲೆ ಮೇಲಿನ ಸ್ಥಾನದ ತಂಡಗಳ ನಡುವೆ ಪ್ಲೇಆಫ್, ಕೊನೆಗೆ ವರ್ಲ್ಡ್ ಸೀರೀಸ್.

ಇದಕ್ಕೂ ಮುಂಚೆ ಸುಮಾರು ಆರು ವಾರ ತರಬೇತಿ ಶಿಬಿರ ನಡೆಯುತ್ತದೆ. ಉತ್ತರದ ಊರುಗಳಲ್ಲಿ ಆಗ ಇನ್ನೂ ಹಿಮ. ಆದ್ದರಿಂದ 15 ತಂಡಗಳು ಫ್ಲಾರಿಡಾಕ್ಕೆ, 15 ತಂಡಗಳು ಅರಿಜೋನಾಕ್ಕೆ ಹೋಗಿ ಬಿಸಿಲಿನಲ್ಲಿ ಅಭ್ಯಾಸ ಪಂದ್ಯಗಳನ್ನು ಆಡುತ್ತವೆ. ಅಭಿಮಾನಿಗಳ ಆಸೆ ಚಿಗುರುವುದೂ, ನಿದ್ದೆ ಕೆಡುವುದೂ ಇಲ್ಲಿಂದಲೇ.

ಅಭ್ಯಾಸ ಪಂದ್ಯದ ಅಂಕಿಗಳನ್ನು ನಂಬಬಹುದೇ?

ಬೇಸ್‌ಬಾಲ್‌ನಲ್ಲಿ 10 ಅವಕಾಶಗಳಲ್ಲಿ 3 ಬಾರಿ ಚೆಂಡನ್ನು ಸರಿಯಾಗಿ ಹೊಡೆದು ಬೇಸ್ ತಲುಪುವ ಬ್ಯಾಟರ್ ಬಹಳ ಒಳ್ಳೆಯ ಬ್ಯಾಟರ್. ಅವನ ಸರಾಸರಿ .300. ಸಾಧಾರಣ ಬ್ಯಾಟರ್‌ನ ಸರಾಸರಿ .240 ಎಂದುಕೊಳ್ಳಿ. ಇಡೀ ಸೀಸನ್‌ನ 500 ಅವಕಾಶಗಳಲ್ಲಿ ಮೊದಲನೆಯವನಿಗೆ 150 ಹಿಟ್, ಎರಡನೆಯವನಿಗೆ 120. ಇವರಿಬ್ಬರ ನಡುವಿನ ವ್ಯತ್ಯಾಸ 30. ಅಷ್ಟೂ ಬರೀ ಅದೃಷ್ಟದಿಂದ ಬರುವುದು ಕಷ್ಟ.

ಈಗ ಅಭ್ಯಾಸ ಪಂದ್ಯಗಳಲ್ಲಿ ಇಬ್ಬರಿಗೂ 50 ಅವಕಾಶ ಸಿಕ್ಕಿತು ಎನ್ನಿ. ಒಬ್ಬನಿಗೆ 15 ಹಿಟ್, ಇನ್ನೊಬ್ಬನಿಗೆ 12. ವ್ಯತ್ಯಾಸ ಬರೀ 3! ಫೀಲ್ಡರ್‌ಗಳ ನಡುವೆ ನುಸುಳಿದ ಮೂರು ಚೆಂಡುಗಳು ಸಾಧಾರಣ ಆಟಗಾರನನ್ನು ಸ್ಟಾರ್ ಮಾಡಿಬಿಡುತ್ತವೆ. ಮಾದರಿ ಚಿಕ್ಕದಾದಷ್ಟೂ ಅದೃಷ್ಟದ ಪಾಲು ಹೆಚ್ಚು ಎಂಬುದನ್ನು ನಮ್ಮ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಜೊತೆಗೆ ಎದುರಿನ ಪಿಚರ್ ಇನ್ನೂ ಕಲಿಯುತ್ತಿರುವ ಹುಡುಗನಿರಬಹುದು, ಅಥವಾ ಹಿರಿಯ ಪಿಚರ್ ಹೊಸ ಎಸೆತವನ್ನು ಪ್ರಯೋಗಿಸಿ ನೋಡುತ್ತಿರಬಹುದು.

ಆತಂಕಕ್ಕೆ ಮಾತ್ರ ಆಧಾರವಿದೆ

ಗಾಯದ ಸುದ್ದಿ ಬಂದರೆ ಅದು ಬೇರೆ ಮಾತು. ಗಂಟೆಗೆ 150 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಮತ್ತೆ ಮತ್ತೆ ಎಸೆಯುವಾಗ ಮೊಣಕೈಯ ಒಳಬದಿಯ ಲಿಗಮೆಂಟ್ ಮೇಲೆ ಭಾರೀ ಒತ್ತಡ ಬೀಳುತ್ತದೆ. ಲಿಗಮೆಂಟ್ ಎಂದರೆ ಜೀವಶಾಸ್ತ್ರ ಪಾಠದಲ್ಲಿ ಓದುವ ಅಸ್ಥಿರಜ್ಜು, ಎಲುಬನ್ನು ಎಲುಬಿಗೆ ಬಿಗಿಯುವ ಪಟ್ಟಿ. ಅದು ಹರಿದರೆ ಹಿಂದೆಲ್ಲ ಪಿಚರ್‌ನ ಆಟ ಮುಗಿದಂತೆಯೇ ಇತ್ತು.

1974ರಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್ ಅವರಿಗೆ ಹೀಗೇ ಆಯಿತು. ಡಾಕ್ಟರ್ ಫ್ರ್ಯಾಂಕ್ ಜೋಬ್ ಅವರು ಬಲಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಜೋಡಿಸಿದರು. ಟಾಮಿ ಜಾನ್ 1975ರಲ್ಲಿ ಆಡಲಿಲ್ಲ. 1976ರಲ್ಲಿ ಮರಳಿ ಬಂದವರು 1989ರವರೆಗೆ ಆಡಿದರು. ಅವರ ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರ! ಇಂದಿಗೂ ಆ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು.

ಆದರೆ ಚೇತರಿಕೆಗೆ ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಬೇಕು. ನ್ಯೂಯಾರ್ಕ್ ಯಾಂಕೀಸ್‌ನ ಪ್ರಮುಖ ಪಿಚರ್ ಗೆರಿಟ್ ಕೋಲ್ ಅವರಿಗೆ 2025ರ ಮಾರ್ಚ್‌ನಲ್ಲಿ ಈ ಶಸ್ತ್ರಚಿಕಿತ್ಸೆಯಾಯಿತು. ಇಡೀ ಸೀಸನ್ ಹೋಯಿತು. ಮಾರ್ಚ್‌ನಲ್ಲಿ "ಮೊಣಕೈ ಸ್ವಲ್ಪ ನೋಯುತ್ತಿದೆ" ಎಂಬ ಒಂದು ಸಾಲಿನ ಸುದ್ದಿಗೆ ಅಭಿಮಾನಿಗಳ ಎದೆ ಧಸಕ್ಕೆನ್ನುವುದು ಇದಕ್ಕೇ.

ಆಡುವಾಗಲೇ ಗಾಯವಾಗಬೇಕೆಂದೂ ಇಲ್ಲ. 2023ರ ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಟೂರ್ನಿಯಲ್ಲಿ ಪೋರ್ಟೊರಿಕೊ ಗೆದ್ದಾಗ, ನ್ಯೂಯಾರ್ಕ್ ಮೆಟ್ಸ್‌ನ ಎಡ್ವಿನ್ ಡಿಯಾಸ್ ಸಹ ಆಟಗಾರರೊಂದಿಗೆ ಕುಣಿಯುತ್ತಾ ಸಂಭ್ರಮಿಸುತ್ತಿದ್ದಾಗಲೇ ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡರು. ಅವರಿಗೂ ಇಡೀ ಸೀಸನ್ ತಪ್ಪಿತು. ಹಿಂದಿನ ವರ್ಷ 101 ಪಂದ್ಯ ಗೆದ್ದಿದ್ದ ಮೆಟ್ಸ್ ಆ ವರ್ಷ ಗೆದ್ದದ್ದು 75. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆ ತಂಡದ ಅಭಿಮಾನಿಗಳ ಆತಂಕ ಶುರುವಾದದ್ದು ಆ ರಾತ್ರಿಯೇ.

ಆದರೂ ಆಸೆ ಏಕೆ?

ಇಷ್ಟೆಲ್ಲ ಗೊತ್ತಿದ್ದೂ ಅಭಿಮಾನಿಗಳು ಆಸೆ ಬಿಡುವುದಿಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಡಾಜರ್ಸ್ ತಂಡ 1941ರಿಂದ 1953ರ ನಡುವೆ ಐದು ಬಾರಿ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್‌ಗೇ ಸೋತಿತು. "ಮುಂದಿನ ವರ್ಷ ನೋಡ್ತಿರಿ" ಎನ್ನುವುದು ಅಲ್ಲಿನ ಜನರ ಬಾಯಿಮಾತೇ ಆಗಿತ್ತು. 1955ರಲ್ಲಿ ಅದೇ ಯಾಂಕೀಸ್ ಅನ್ನು ಮಣಿಸಿ ಗೆದ್ದರು. ಚಿಕಾಗೊ ಕಬ್ಸ್ 1908ರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 2016ರಲ್ಲಿ, 108 ವರ್ಷಗಳ ನಂತರ. ಅಷ್ಟರಲ್ಲಿ ಎಷ್ಟೋ ಅಭಿಮಾನಿಗಳು ಹುಟ್ಟಿ, ಬೆಳೆದು, ಮುದುಕರಾಗಿ, ಒಂದು ಗೆಲುವನ್ನೂ ಕಾಣದೆ ತೀರಿಹೋಗಿದ್ದರು. "ಈ ಸಲ ಕಪ್ ನಮ್ದೇ" ಎನ್ನುತ್ತಾ 2008ರಿಂದ 2025ರವರೆಗೆ ಕಾದ ನಮಗೆ ಆ ಮನಸ್ಸು ಅರ್ಥವಾಗದ್ದೇನಲ್ಲ.

ಸೀಸನ್‌ನ ಮೊದಲ ದಿನ ಎಲ್ಲ 30 ತಂಡಗಳ ಲೆಕ್ಕವೂ ಸೊನ್ನೆಯಿಂದಲೇ ಶುರು. ಆಸೆಗೆ ಅಷ್ಟು ಸಾಕು. ತೀರ್ಪು ಕೊಡಲು ಮಾತ್ರ ಅಷ್ಟು ಸಾಲದು. ಆಟಗಾರ ಎಂಥವನು ಎಂದು ತಿಳಿಯಲು 162 ಪಂದ್ಯಗಳ ಉದ್ದ ಬೇಕು.

ವಿದ್ಯಾರ್ಥಿ ಮಿತ್ರರೇ, ಈ ಮಾತು ಆಟದ ಮೈದಾನಕ್ಕಷ್ಟೇ ಅಲ್ಲ. ಮೊದಲ ಯೂನಿಟ್ ಟೆಸ್ಟ್‌ನಲ್ಲಿ ಒಬ್ಬರಿಗೆ ಮೂರು ಅಂಕ ಹೆಚ್ಚು, ಇನ್ನೊಬ್ಬರಿಗೆ ಮೂರು ಕಡಿಮೆ ಬಂದಾಗ ನಾವು ಇವರು ಜಾಣರು, ಅವರು ದಡ್ಡರು ಎಂದು ಬೇಗ ಹೇಳಿಬಿಡುತ್ತೇವೆ. ಹಾಗೆ ಹೇಳುವ ಮುನ್ನ ಆ 50 ಅವಕಾಶಗಳ ಲೆಕ್ಕವನ್ನು ಒಮ್ಮೆ ನೆನಪಿಸಿಕೊಳ್ಳೋಣ.