ದಾಳದಲ್ಲಿ 20 ಬಿದ್ದರೆ ಗೆದ್ದ ಹಾಗೇನಾ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಬಡ್ಡಿಪ್ರಿಯರಿಗೆ 'ಡೂ ಆರ್ ಡೈ' ರೈಡ್ ಗೊತ್ತೇ ಇದೆ. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್. ಒಂದೇ ನಿಯಮ ಆಟದ ನಡೆಯನ್ನೇ ಬದಲಿಸುತ್ತದೆ. ಹಾಗಾಗಿ ಹೊಸ ನಿಯಮ ಮೊದಲು ಆಡುವವರ ಕೈಗೆ ಬರಬೇಕು. ಮೇಜಿನ ಸುತ್ತ ಕೂತು, ಪಾತ್ರವಾಗಿ ಕಥೆ ಕಟ್ಟುವ 'ಡಂಜನ್ಸ್ ಅಂಡ್ ಡ್ರಾಗನ್ಸ್' ಇದನ್ನೇ ಮಾಡಿತು. 2022ರ ಆಗಸ್ಟ್‌ನಲ್ಲಿ ಆಟಗಾರರ ಮುಂದೆ ಬಂದ ಹೊಸ ನಿಯಮಗಳ ಕರಡಿನ ಪ್ರಕಾರ, ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಯಾವ ಪ್ರಯತ್ನವಾದರೂ ಗೆಲುವು, 1 ಬಿದ್ದರೆ ಸೋಲು. ಆಟಗಾರರು ತಕರಾರು ತೆಗೆದರು. ಬೀಗ ತೆಗೆಯುವುದರಲ್ಲಿ ಪಳಗಿದ ಕಳ್ಳನೂ ನೂರಕ್ಕೆ ಐದು ಸಲ ಎಡವಲೇಬೇಕು ಅಂದರೆ, ಕಲಿತ ವಿದ್ಯೆಗೆ ಏನು ಬೆಲೆ? 20 ಬಿದ್ದಾಗ ರಾಕ್ಷಸರಿಗೆ ಸಿಗುತ್ತಿದ್ದ ದುಪ್ಪಟ್ಟು ಏಟಿನ ಅವಕಾಶವನ್ನೇ ಕರಡು ಕಿತ್ತುಕೊಂಡರೆ ಎದೆ ಡವಗುಟ್ಟುವುದಾದರೂ ಹೇಗೆ?

ಹಳೇ ಆಟಗಾರರಿಗೆ ಬದಲಾವಣೆ ಕಂಡರೇ ಆಗದು, ಜೋರು ದನಿಯವರ ಮಾತೇ ನಡೆಯುತ್ತದೆ ಎನ್ನುವವರಿದ್ದಾರೆ. ಇದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಬೀಗದ ತಕರಾರು ಬರೀ ಕೂಗಲ್ಲ, ಶುದ್ಧ ಲೆಕ್ಕಾಚಾರ. ಮೇಲಾಗಿ ಅದೇ ಕರಡಿನಲ್ಲಿ, ಪಾತ್ರದ ಹಿನ್ನೆಲೆಯೇ ಆರಂಭದಲ್ಲೊಂದು ವಿಶೇಷ ಸಾಮರ್ಥ್ಯ ಕೊಡುವ ಹೊಸ ನಿಯಮವೂ ಇತ್ತು. ಅದು 2024ರ ನಿಯಮ ಪುಸ್ತಕದಲ್ಲಿ ಉಳಿಯಿತು. ಎಲ್ಲ ಪ್ರಯತ್ನಕ್ಕೂ ಅನ್ವಯಿಸುವ 20ರ ಗೆಲುವು ಉಳಿಯಲಿಲ್ಲ, ರಾಕ್ಷಸರ ದುಪ್ಪಟ್ಟು ಏಟು ಮರಳಿ ಬಂತು.