ಹೊಲ ಹಸಿರು, ಆದ್ರೂ ಬರ!

ಬರ ಅಂದ್ರೆ ಬಿರುಕು ಬಿಟ್ಟ ಕೆರೆಯೇ ಕಣ್ಮುಂದೆ ಬರುತ್ತೆ, ಅಲ್ವಾ? ಆದರೆ ಕೆಲವು ಬರ ಕೆಲವೇ ವಾರಗಳಲ್ಲಿ ಬಂದು ವಕ್ಕರಿಸುತ್ತೆ. ಇದೇ ಫ್ಲ್ಯಾಶ್ ಡ್ರಾಟ್, ಅಂದ್ರೆ ದಿಢೀರ್ ಬರ. ಮಳೆ ಕೈಕೊಟ್ಟಾಗಲೇ ಬಿಸಿಲೂ ಏರಿದ್ರೆ ಮಣ್ಣಿನ ತೇವ ಬೇಗ ಆರಿಹೋಗುತ್ತೆ.

2023ನೇ ನೆನಪಿಸಿಕೊಳ್ಳಿ. ಜುಲೈನಲ್ಲಿ ರಾಜ್ಯಕ್ಕೆ ಒಳ್ಳೆ ಮಳೆ. ಆಗಸ್ಟ್‌ನಲ್ಲಿ ಶೇ 70ಕ್ಕೂ ಹೆಚ್ಚು ಕೊರತೆ. ಹೊಲ ನೋಡೋಕೆ ಹಸಿರು, ತೆನೆಯಲ್ಲಿ ಕಾಳಿಲ್ಲ. ಸರ್ಕಾರ ಇದನ್ನ ‘ಹಸಿರು ಬರ’ ಅಂತು. ಕೊನೆಗೆ 236 ತಾಲ್ಲೂಕುಗಳಲ್ಲಿ 223 ಬರಪೀಡಿತ.

ಕೆಂಗೇರಿ, ವಿಜಯನಗರದಲ್ಲಿ ಕೂತ ನಮಗೆ ಬರ ಗೊತ್ತಾಗೋದು ನೀರು ನಿಂತಾಗಲೇ. 2024ರ ಮಾರ್ಚ್‌ಗೆ ಬೆಂಗಳೂರಿನ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ವು. (ಕಾಂಕ್ರೀಟ್‌ನದೂ ಪಾಲಿದೆ ಬಿಡಿ.) ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತು. ಅಷ್ಟೊತ್ತಿಗೆ ರೈತರ ಬೆಳೆ ಹೋಗಿ ಆರು ತಿಂಗಳಾಗಿತ್ತು.