ಸೌನಾ ಕೊಳ್ಳುವ ಮೊದಲು ಸುಟ್ಟುಹೋದ ಕಾಲುಚೀಲ

ಹೋದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆಂದು ಫಿನ್ಲೆಂಡಿಗೆ ಹೋಗಿದ್ದೆವು. ಹೆಲ್ಸಿಂಕಿಯ ಪಕ್ಕದ ಎಸ್ಪೊ ಎಂಬ ಊರು. ಬಾಡಿಗೆಯ ಫ್ಲ್ಯಾಟು. ಬಚ್ಚಲಿನೊಳಗೆ ಇನ್ನೊಂದು ಬಾಗಿಲು. ತೆಗೆದು ನೋಡಿದರೆ ಸುತ್ತಲೂ ಮರದ ಹಲಗೆ ಹೊಡೆದ ಪುಟ್ಟ ಗೂಡು. ಒಳಗೆ ಮೆಟ್ಟಿಲಿನಂತೆ ಮೇಲೊಂದು ಕೆಳಗೊಂದು ಕೂರುವ ಹಲಗೆ, ಮೂಲೆಯಲ್ಲಿ ಕಲ್ಲು ತುಂಬಿದ ಕಬ್ಬಿಣದ ಪೆಟ್ಟಿಗೆ. ಹಲಗೆಗಳ ಮೇಲೆ ನಮ್ಮೂರ ಅಟ್ಟದಂತೆ ಸೂಟ್‌ಕೇಸು, ಅಕ್ಕಿಚೀಲ, ಮೊಮ್ಮಗಳು ಹಿಮದಲ್ಲಿ ಜಾರುವ ಬಂಡಿ. ಮೇಲೆ ಅಡ್ಡಕ್ಕೆ ಕಟ್ಟಿದ ಹಗ್ಗದಲ್ಲಿ ಒದ್ದೆ ಉಣ್ಣೆ ಕಾಲುಚೀಲಗಳು.

"ಇದೇ ಸೌನಾ ಅಜ್ಜ. ನಾವು ಉಗ್ರಾಣ ಮಾಡ್ಕೊಂಡಿದೀವಿ" ಎಂದಳು ಎಂಟು ವರ್ಷದ ಮೊಮ್ಮಗಳು.

ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ನನಗೆ ಕುತೂಹಲ. ಪೆಟ್ಟಿಗೆಯ ಕೆಳಗೆ ಅಂಕಿಗಳಿರುವ ತಿರುಗಣೆಯೊಂದಿತ್ತು. ತಿರುಗಿಸಿದೆ. ಏನೂ ಆಗಲಿಲ್ಲ. ಕೆಟ್ಟಿರಬೇಕು ಅಂದುಕೊಂಡು ಬಾಗಿಲು ಎಳೆದುಕೊಂಡು ಬಂದು ಮರೆತುಬಿಟ್ಟೆ. ಸಂಜೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಕೂದಲು ಸುಟ್ಟ ವಾಸನೆ ಬಂತು. ಅಳಿಯ ಓಡಿಹೋಗಿ ಬಾಗಿಲು ತೆಗೆದರೆ ಒಳಗೆ ಕುಲುಮೆಯ ಬಿಸಿ. ಹಗ್ಗದಿಂದ ಜಾರಿದ ಒಂದು ಕಾಲುಚೀಲ ಕಲ್ಲುಗಳ ಮೇಲೆ ಬಿದ್ದು ಕಪ್ಪಾಗಿ ಹೊಗೆಯಾಡುತ್ತಿತ್ತು. ಸೂಟ್‌ಕೇಸಿನ ಮೂಲೆ ಮೆತ್ತಗಾಗಿತ್ತು.

ಆ ತಿರುಗಣೆಯ ಗುಟ್ಟು ಆಮೇಲೆ ತಿಳಿಯಿತು. ಅದರಲ್ಲಿ ಎರಡು ಭಾಗ. ಮೊದಲ ನಾಲ್ಕು ಅಂಕಿಗಳವರೆಗೆ ತಿರುಗಿಸಿದರೆ ಒಲೆ ಕೂಡಲೇ ಉರಿಯುತ್ತದೆ. ಅದಕ್ಕೂ ಮುಂದೆ ತಿರುಗಿಸಿದರೆ ಅಷ್ಟು ಗಂಟೆ ಕಾದು ಆಮೇಲೆ ತಾನಾಗಿ ಹೊತ್ತಿಕೊಳ್ಳುತ್ತದೆ. ಕೆಲಸದಿಂದ ಬರುವ ಹೊತ್ತಿಗೆ ಸೌನಾ ಬಿಸಿಯಾಗಿರಲಿ ಎಂದು ಮಾಡಿದ ಅನುಕೂಲ. ನಾನು ತಿಳಿಯದೆ ಎಂಟು ಗಂಟೆ ಮುಂದಕ್ಕೆ ಕೀಲಿ ಕೊಟ್ಟಿದ್ದೆ. ಆ ದೇಶದಲ್ಲಿ ಸೌನಾದಿಂದ ಬೆಂಕಿ ಬೀಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದಂತೆ: ಒಲೆಯ ಮೇಲೆ ಬಟ್ಟೆ ಒಣಗಿಸುವುದು, ಸೌನಾವನ್ನು ಉಗ್ರಾಣ ಮಾಡುವುದು. ನಾವು ಎರಡನ್ನೂ ಮಾಡಿದ್ದೆವು. ಆ ಸಂಜೆ ನಾವೆಲ್ಲ ಹೊರಗೆ ಹೋಗಿದ್ದಿದ್ದರೆ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ನಾಲ್ವರಿಗೆ ನಾಲ್ಕು ಅಭಿಪ್ರಾಯ

ಅದೇ ಹೊತ್ತಿಗೆ ಮಗಳು ಅಳಿಯ ಅಲ್ಲೇ ಹತ್ತಿರದಲ್ಲಿ ಹಳೆಯದೊಂದು ಸಾಲುಮನೆ ಕೊಂಡಿದ್ದರು. ಅದರಲ್ಲೂ ಸೌನಾ ಕೋಣೆ ಇತ್ತು, ಆದರೆ ಒಲೆ ಹಳತಾಗಿ ಕಿತ್ತೆಸೆಯುವ ಸ್ಥಿತಿ. ಅಲ್ಲಿ ಈಗ ಏನು ಹಾಕುವುದು?

"ಇನ್‌ಫ್ರಾರೆಡ್ ಕ್ಯಾಬಿನ್ ತರೋಣ ಮಾವ, ಕರೆಂಟು ಕಡಿಮೆ" ಎಂದ ಅಳಿಯ. "ಮೊದಲಿದ್ದ ಹಾಗೆ ಕರೆಂಟಿನ ಒಲೆಯೇ ಇರಲಿ" ಎಂದಳು ಮಗಳು. "ಸೌದೆ ಒಲೆಯ ಬಿಸಿಗೆ ಸಮ ಯಾವುದಿದೆ" ಎಂದಳು ನನ್ನ ಹೆಂಡತಿ. ಮಲೆನಾಡಿನ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ ಹಂಡೆ ನೀರು ಕಾಯಿಸಿ ಬೆಳೆದವಳು ಅವಳು. ನಾನು "ಯಾವುದೂ ಬೇಡ" ಎಂದೆ. ಕಾಲುಚೀಲ ಸುಟ್ಟ ತಪ್ಪಿಗೆ ಪ್ರಾಯಶ್ಚಿತ್ತವಾಗಿ ವಿಚಾರಿಸಿ ಲೆಕ್ಕ ಹಾಕುವ ಕೆಲಸ ನನ್ನ ತಲೆಗೇ ಬಂತು. ಅಂಗಡಿಗಳಿಗೆ ಹೋದೆವು, ನೆರೆಮನೆಯ ಹಿರಿಯ ಮಹಿಳೆಯನ್ನು ಕೇಳಿದೆವು, ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡೆ.

ಸೌನಾ ಅಲ್ಲಿ ಶ್ರೀಮಂತರ ಶೋಕಿಯಲ್ಲ. ಸುಮಾರು 55 ಲಕ್ಷ ಜನರ ಆ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ. ಹಿಂದೆ ಹಳ್ಳಿಗಳಲ್ಲಿ ಹೆರಿಗೆಯೂ ಅಲ್ಲೇ ಆಗುತ್ತಿತ್ತು. ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ, ಶುಭ್ರವಾದ ಜಾಗ ಇರಲಿಲ್ಲ. 2020ರಲ್ಲಿ ಯುನೆಸ್ಕೊ ಈ ಸೌನಾ ಪದ್ಧತಿಯನ್ನು ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ನಮ್ಮ ಊರುಗಳಲ್ಲಿ ಅನೇಕರು ಸೌನಾ ಎಂದರೆ ಹಬೆಸ್ನಾನ ಅಂದುಕೊಂಡಿದ್ದಾರೆ. ಹಬೆಸ್ನಾನದ ಕೋಣೆಯ ಬಿಸಿ 40ರಿಂದ 50 ಡಿಗ್ರಿ, ಗಾಳಿಯ ತುಂಬ ನೀರಾವಿ. ಸೌನಾದಲ್ಲಿ ಗಾಳಿ ಒಣಗಿದ್ದು, ಬಿಸಿ 70ರಿಂದ 100 ಡಿಗ್ರಿ. "ಮತ್ತೆ ಯಾಕೆ ನಾವು ಬೇಯಲ್ಲ ಅಜ್ಜ?" ಎಂದು ಮೊಮ್ಮಗಳು ಕೇಳಿದಳು. ಅಮ್ಮ ಕೇಕು ಮಾಡುವಾಗ ಬಿಸಿ ಓವನ್ನಿನ ಗಾಳಿಗೆ ಕ್ಷಣಹೊತ್ತು ಕೈ ಒಡ್ಡಿದರೆ ಸುಡುವುದಿಲ್ಲ; ಇಡ್ಲಿ ಪಾತ್ರೆಯ ಹಬೆಗೆ ಒಡ್ಡಿದರೆ ಕೂಡಲೇ ಬೊಬ್ಬೆ ಏಳುತ್ತದೆ. ಒಣಗಾಳಿ ತನ್ನೊಳಗಿನ ಶಾಖವನ್ನು ನಿಧಾನವಾಗಿ ಕೊಡುತ್ತದೆ. ಹಬೆ ಚರ್ಮದ ಮೇಲೆ ನೀರಾಗುವಾಗ ಶಾಖವನ್ನು ಒಮ್ಮೆಲೇ ಬಿಟ್ಟುಕೊಡುತ್ತದೆ. ಅದಕ್ಕೇ ಸೌನಾದಲ್ಲಿ ಕಾದ ಕಲ್ಲಿನ ಮೇಲೆ ಸೌಟಿನಿಂದ ಸ್ವಲ್ಪವೇ ನೀರು ಹಾಕುತ್ತಾರೆ. ಚುಸ್ ಎಂದು ಏಳುವ ಆ ಬಿಸಿಯುಸಿರಿಗೆ ಫಿನ್ನಿಶ್ ಭಾಷೆಯಲ್ಲಿ 'ಲೊಯ್ಲು' ಎನ್ನುತ್ತಾರೆ. ಅದಿಲ್ಲದಿದ್ದರೆ ಅವರಿಗೆ ಸೌನಾ ಆದಂತೆಯೇ ಅಲ್ಲ.

ಮೂರು ಬಗೆಯ ಬಿಸಿ

ಮೊದಲನೆಯದು ಸೌದೆಯ ಸೌನಾ. ಇದರ ಹಿರಿಯಣ್ಣ ಹೊಗೆಸೌನಾ. ಅದಕ್ಕೆ ಚಿಮಣಿಯೇ ಇಲ್ಲ. ಗಂಟೆಗಟ್ಟಲೆ ಉರಿ ಹಾಕಿ ಕಲ್ಲು ಕಾಯಿಸಿ, ಬೆಂಕಿ ಆರಿದ ಮೇಲೆ ಹೊಗೆಯನ್ನೆಲ್ಲ ಹೊರಗೆ ಕಳುಹಿಸಿ, ಆಮೇಲೆ ಒಳಗೆ ಹೋಗುವುದು. ಗೋಡೆಯೆಲ್ಲ ಮಸಿ. ಈಗ ಸಾಮಾನ್ಯವಾಗಿರುವುದು ಚಿಮಣಿ ಇರುವ ಒಲೆ. ಬರ್ಚ್ ಮರದ ಸೌದೆ ಹಾಕಿದರೆ ಗಂಟೆ ಒಂದೂವರೆ ಗಂಟೆಯಲ್ಲಿ ಕಾಯುತ್ತದೆ. ಬಿಸಿ ಮೃದು, ಸೌದೆಯ ಪರಿಮಳ, ಕರೆಂಟಿನ ಹಂಗಿಲ್ಲ. ಕೆರೆ ದಂಡೆಯ ಒಂಟಿ ಮನೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಚಿಮಣಿ ಬೇಕು, ಒಲೆಗೂ ಮರದ ಗೋಡೆಗೂ ನಡುವೆ ನಿಗದಿಯಾದ ಅಂತರ ಬೇಕು, ಚಿಮಣಿ ಗುಡಿಸುವವರು ವರ್ಷಕ್ಕೊಮ್ಮೆ ಬರಬೇಕು. ಸಾಲುಮನೆಯಲ್ಲಿ ಹೊಸದಾಗಿ ಚಿಮಣಿ ಎಬ್ಬಿಸಬೇಕಾದರೆ ಉಳಿದ ಮನೆಯವರ ಮತ್ತು ನಗರಾಡಳಿತದ ಒಪ್ಪಿಗೆಯನ್ನೂ ಕೇಳಬೇಕು. ಒಲೆಯ ಬೆಲೆ ದೊಡ್ಡದಲ್ಲ, ಚಿಮಣಿಯ ಖರ್ಚು ದೊಡ್ಡದು.

ಇನ್ನೊಂದು ಮಾತನ್ನೂ ಹೆಂಡತಿಗೆ ಹೇಳಿದೆ. ನಮ್ಮ ಹಳೆಯ ಬಚ್ಚಲುಮನೆಗಳ ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು. ಈಗಿನ ಮನೆಗಳು ಡಬ್ಬಿಯಂತೆ ಬಿಗಿ. ಕೆಂಡ ಪೂರ್ತಿ ಆರುವ ಮೊದಲೇ ಹೊಗೆದಾರಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಊರುಗಳಲ್ಲಿ ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಪ್ರಾಣ ಕಳೆದುಕೊಳ್ಳುವುದೂ ಇದೇ ಅನಿಲದಿಂದ. ಸೌನಾ ಎಂದೂ ಕಾಣದವರೂ ಈ ಒಂದು ಮಾತನ್ನು ನೆನಪಿಡಬೇಕು.

ಎರಡನೆಯದು ಕರೆಂಟಿನ ಒಲೆ. ಇದರಲ್ಲೂ ಕಲ್ಲುಗಳಿವೆ, ನೀರು ಹಾಕಬಹುದು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಯಾರು. ಇಲ್ಲಿ ಆರಿಸುವುದು ಒಲೆಯ ಅಂದವನ್ನಲ್ಲ, ಕೋಣೆಯ ಅಳತೆಗೆ ತಕ್ಕ ಶಕ್ತಿಯನ್ನು. ಒಂದು ಘನ ಮೀಟರಿಗೆ ಸುಮಾರು ಒಂದು ಕಿಲೋವಾಟ್ ಎಂಬುದು ರೂಢಿಯ ಲೆಕ್ಕ. ಮಗಳ ಮನೆಯ ಕೋಣೆ ಉದ್ದ 1.9, ಅಗಲ 1.5, ಎತ್ತರ 2.1 ಮೀಟರ್. ಗುಣಿಸಿದರೆ ಸುಮಾರು 6 ಘನ ಮೀಟರ್. ಅಂದರೆ 6 ಕಿಲೋವಾಟಿನ ಒಲೆ. ಗೋಡೆ ಬರೀ ಕಲ್ಲಿನದೋ ಗಾಜಿನದೋ ಆಗಿದ್ದರೆ ಬಿಸಿ ಸೋರುವುದರಿಂದ ಇನ್ನೂ ಹೆಚ್ಚು ಬೇಕು. ಒಂದೂವರೆ ಗಂಟೆ ಬಿಡದೆ ಉರಿದರೂ 9 ಯೂನಿಟ್. ಕಾದ ಮೇಲೆ ನಡುನಡುವೆ ತಾನೇ ಆರುವುದರಿಂದ ಅದಕ್ಕಿಂತ ಕಡಿಮೆಯೇ. ಆದರೆ ಇದಕ್ಕೆ ಸಾಮಾನ್ಯವಾಗಿ ತ್ರೀ ಫೇಸ್ ಬೇಕು, ಜೋಡಣೆಗೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು.

ಮೂರನೆಯದು ಇನ್‌ಫ್ರಾರೆಡ್. ಬೀರುವಿನಂತಹ ಕ್ಯಾಬಿನ್. ಕಲ್ಲಿಲ್ಲ, ನೀರಿಲ್ಲ. ಗೋಡೆಯ ಫಲಕಗಳಿಂದ ಬರುವ ಶಾಖ ಚಳಿಗಾಲದ ಬಿಸಿಲಿನಂತೆ ನೇರವಾಗಿ ಮೈಗೆ ತಾಗುತ್ತದೆ. ಒಳಗಿನ ಗಾಳಿ 45ರಿಂದ 60 ಡಿಗ್ರಿ ಮಾತ್ರ. ಚಿಕ್ಕ ಕ್ಯಾಬಿನ್ನಿಗೆ ಮನೆಯ ಮಾಮೂಲಿ ಪ್ಲಗ್ಗೇ ಸಾಕು. 2 ಕಿಲೋವಾಟಿನದು ಮುಕ್ಕಾಲು ಗಂಟೆ ಉರಿದರೆ ಒಂದೂವರೆ ಯೂನಿಟ್. ಹೆಚ್ಚು ಬಿಸಿ ತಡೆಯಲಾಗದವರಿಗೆ, ಬಾಡಿಗೆ ಮನೆಯವರಿಗೆ, ಒಬ್ಬಿಬ್ಬರೇ ಇರುವವರಿಗೆ ಇದು ಅನುಕೂಲ.

ಆರೋಗ್ಯದ ಹೆಸರಿನಲ್ಲಿ ಮಾರುವವರ ಮಾತನ್ನು ಮಾತ್ರ ತೂಗಿ ನೋಡಬೇಕು. ಪೂರ್ವ ಫಿನ್ಲೆಂಡಿನ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ಒಂದು ಸಲ ಸೌನಾಕ್ಕೆ ಹೋಗುವವರಿಗಿಂತ ನಾಲ್ಕರಿಂದ ಏಳು ಸಲ ಹೋಗುವವರಲ್ಲಿ ಹೃದಯದ ಸಾವುಗಳು ಕಡಿಮೆ ಎಂದು ಅದು ಹೇಳುತ್ತದೆ. ಆದರೆ ಅವರು ಕೂತದ್ದು ಕಲ್ಲು ನೀರಿನ ಬಿಸಿ ಸೌನಾದಲ್ಲಿ, ಇನ್‌ಫ್ರಾರೆಡ್ಡಿನಲ್ಲಲ್ಲ. ಅಲ್ಲದೆ ಅಷ್ಟು ಸಲ ಹೋಗಬಲ್ಲವರು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದು. ಸೌನಾ ಒಂದು ಸುಖ ಎಂದುಕೊಂಡು ಕೊಳ್ಳಿ, ಔಷಧಿ ಎಂದಲ್ಲ.

ಯಾರು ಕೂರುತ್ತಾರೆ?

ಕರೆಂಟಿನ ಲೆಕ್ಕದಲ್ಲಿ ಅಳಿಯನೇ ಗೆದ್ದಿದ್ದ. ನನ್ನ ಹಾಳೆಯಲ್ಲೂ ಇನ್‌ಫ್ರಾರೆಡ್ಡೇ ಮೇಲಿತ್ತು. ಹಾಳೆಯನ್ನು ನೆರೆಮನೆಯ ಮಹಿಳೆಗೆ ತೋರಿಸಿದೆ. ನೋಡಿ ನಕ್ಕು ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಶನಿವಾರ ಯಾರ್‍ಯಾರು ಕೂರುತ್ತೀರಿ?"

ಅಲ್ಲಿ ಶನಿವಾರ ಸೌನಾದ ದಿನ. ನಮ್ಮಲ್ಲಿ ಗಂಡಸರಿಗೆ ಶನಿವಾರ ಎಣ್ಣೆಸ್ನಾನ ಇದ್ದ ಹಾಗೆ. ನನಗೆ ಫಕ್ಕನೆ ಬಾಡಿಗೆ ಮನೆಯ ಉಗ್ರಾಣ ನೆನಪಾಯಿತು. ಅದು ಕೆಟ್ಟ ಸೌನಾ ಆಗಿರಲಿಲ್ಲ; ಯಾರೂ ಕೂರದ ಸೌನಾ ಆಗಿತ್ತು. ಬ್ಯಾಂಕಿನಲ್ಲಿ ನಾವು ಹೆದರುತ್ತಿದ್ದದ್ದು ದಿನಾ ವಹಿವಾಟು ನಡೆಯುವ ಖಾತೆಗಳಿಗಲ್ಲ, ವರ್ಷಗಟ್ಟಲೆ ಯಾರೂ ಮುಟ್ಟದ ಖಾತೆಗಳಿಗೆ. ಮೋಸವಾದರೆ ಅಲ್ಲೇ, ಅದೂ ಗೊತ್ತಾಗದಂತೆ. ಬಳಸದ ಸೌನಾವೂ ಹಾಗೆಯೇ. ಮೊದಲು ಒಂದು ಪೆಟ್ಟಿಗೆ ಬರುತ್ತದೆ, ಆಮೇಲೆ ಹಗ್ಗ, ಆಮೇಲೆ ನನ್ನಂತಹ ಅಜ್ಜ.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದೆವು. ಯಾವುದು ಅಗ್ಗ ಎಂದಲ್ಲ, ಯಾವುದನ್ನು ಈ ಮನೆಯವರು ವಾರ ತಪ್ಪದೆ ಬಳಸುತ್ತಾರೆ ಎಂದು. ಇಬ್ಬರ ಕ್ಯಾಬಿನ್ನಿನಲ್ಲಿ ಮೂವರು ಒಟ್ಟಿಗೆ ಕೂರಲಾಗದು. ಕಲ್ಲಿಗೆ ನೀರು ಹಾಕುವ ಆಟವಿಲ್ಲದಿದ್ದರೆ ಮಗುವಿಗೆ ಬೇಸರ. ಸೌದೆ ಹೊರುವ ಪುರುಸೊತ್ತು ಕೆಲಸಕ್ಕೆ ಹೋಗುವ ಇಬ್ಬರಿಗೂ ಇಲ್ಲ. ಉಳಿದದ್ದು 6 ಕಿಲೋವಾಟಿನ ಕರೆಂಟಿನ ಒಲೆ. ಅಳಿಯನೂ ಒಪ್ಪಿದ. ನಾನು ಒಂದು ಷರತ್ತು ಹಾಕಿದೆ: ಒಲೆಯ ಮೇಲೆ ಏನಾದರೂ ಬಿದ್ದರೆ ಕರೆಂಟು ತಾನಾಗಿ ಕಡಿಯುವ ಸುರಕ್ಷಾ ಸಾಧನವೂ ಜೊತೆಗೇ ಬರಬೇಕು. ದರ ಸ್ವಲ್ಪ ಹೆಚ್ಚಾಯಿತು. ಆ ಹೆಚ್ಚಿನ ಹಣ ನಾನೇ ಕೊಟ್ಟೆ.

ಮಾರ್ಚ್ ತಿಂಗಳಲ್ಲಿ, ನಮ್ಮ ವೀಸಾ ಮುಗಿಯುವ ಮುಂಚಿನ ಶನಿವಾರ, ಹೊಸ ಮನೆಯಲ್ಲಿ ಮೊದಲ ಸೌನಾ. ನಾನು ರಕ್ತದೊತ್ತಡದ ಮಾತ್ರೆ ನುಂಗುವವನು. ಊರಿನ ಡಾಕ್ಟರಿಗೆ ಫೋನು ಮಾಡಿ ಕೇಳಿದ್ದೆ. ಕೆಳಗಿನ ಹಲಗೆ, ಐದೇ ನಿಮಿಷ, ಮೊದಲೂ ಆಮೇಲೂ ನೀರು ಕುಡಿಯಬೇಕು, ಏಳುವಾಗ ನಿಧಾನ ಎಂದಿದ್ದರು. ಕೆಳಗೆ ಬಿಸಿ ಕಡಿಮೆ, ಮೇಲೆ ಹೆಚ್ಚು. ಮಗಳು ಅಳಿಯ ಮೇಲೆ ಕೂತರು, ಮೊಮ್ಮಗಳೂ ನಾನೂ ಕೆಳಗೆ. ಹಿರಿಯರಿಗೂ ಮಕ್ಕಳಿಗೂ ಜಾಗ ಅದೇ. ಮೊಮ್ಮಗಳು ಸೌಟಿನಲ್ಲಿ ನೀರು ಹಾಕಿದಳು. ಚುಸ್ ಎಂದಿತು. ನನ್ನ ಹೆಂಡತಿ ಬಾಗಿಲ ಬಳಿ ಇಣುಕಿ, "ರೀ, ಐದು ನಿಮಿಷ ಆಯ್ತು, ಏಳಿ" ಎಂದಳು.

ಹೊರಗೆ ಬಂದು ನೋಡುತ್ತೇನೆ, ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ಮೇಲೆ ಫಿನ್ನಿಶ್, ಕೆಳಗೆ ವಕ್ರವಕ್ರ ಕನ್ನಡ ಅಕ್ಷರ: "ಇಲ್ಲಿ ಸಾಮಾನು ಇಡಬಾರದು. ಬಟ್ಟೆ ಒಣಗಿಸಬಾರದು. ಅಜ್ಜ ಒಬ್ಬರೇ ಒಳಗೆ ಹೋಗಬಾರದು."